ಹಳೇ ಗೋದಾಮಿನ ಲಾಫ್ಟ್ ಮನೆ ಕೊಂಡರೆ, ಮುಂದೆ ಮಾರುವಾಗ ಬೆಲೆ ಬರುತ್ತದಾ?

ನೀವು ಕೇಳಿರುವುದು ಇಷ್ಟು: ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹಳೇ ಗೋದಾಮೊಂದನ್ನು ಆರು ಲಾಫ್ಟ್ ಅಪಾರ್ಟ್‌ಮೆಂಟ್ ಮಾಡಿದ್ದಾರೆ. ಹದಿನೈದು ಅಡಿ ಎತ್ತರ, ಒಳಗೇ ಕಬ್ಬಿಣದ ಅಟ್ಟ, ಅದರ ಮೇಲೆ ಮಲಗುವ ಕೋಣೆ. ಈಗ ತಗೊಂಡು ಐದಾರು ವರ್ಷ ಬಿಟ್ಟು ಮಾರಿದರೆ ಲಾಭ ಇದೆಯಾ?

ಇದೆ, ಆದರೆ ನೆಲದ ಪಾಲು ಮತ್ತು ಕಾಗದಪತ್ರ ಸರಿಯಿದ್ದರೆ ಮಾತ್ರ. ನಾನು ಸಿವಿಲ್ ಎಂಜಿನಿಯರ್. ಬ್ಯಾಂಕ್ ಸಾಲಕ್ಕೆ ಬರುವ ಮನೆಗಳಿಗೆ ಬೆಲೆ ಕಟ್ಟಿಕೊಡುವುದು ನನ್ನ ಕೆಲಸ. ಹಾಗಾಗಿ ಇದನ್ನು ನಿಮ್ಮಿಂದ ಮುಂದೆ ಕೊಳ್ಳುವವರ ಕಣ್ಣಿಂದ ನೋಡಿ ಹೇಳುತ್ತೇನೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಅಟ್ಟದಲ್ಲಿ. ಕೆಳಗೆ 600 ಚದರಡಿ, ಅಟ್ಟ 300 ಚದರಡಿ ಅಂದುಕೊಳ್ಳಿ. ನಿಮ್ಮಿಂದ 900ಕ್ಕೆ ದುಡ್ಡು ಕೇಳುತ್ತಾರೆ. ಮಂಜೂರಾದ ಪ್ಲಾನ್‌ನಲ್ಲಿ ಅಟ್ಟ ಇಲ್ಲದಿದ್ದರೆ ನನ್ನಂಥವರು 600ಕ್ಕೆ ಮಾತ್ರ ಬೆಲೆ ಬರೆಯುತ್ತೇವೆ. ಕೊಳ್ಳುವವರಿಗೆ ಸಾಲ ಕಡಿಮೆ ಸಿಗುತ್ತದೆ, ಅಷ್ಟನ್ನೂ ಅವರು ನಿಮ್ಮ ಬೆಲೆಯಲ್ಲೇ ಕಡಿತ ಕೇಳುತ್ತಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಇಂಥ ಅಟ್ಟ ಪಾಯದ ವಿಸ್ತೀರ್ಣದ ಮೂರನೇ ಒಂದು ಪಾಲು ಮೀರುವ ಹಾಗಿಲ್ಲ, ಎತ್ತರ 2.2 ಮೀಟರ್ ಆದರೂ ಇರಬೇಕು. 600ಕ್ಕೆ 300 ಅಂದರೆ ಅರ್ಧ ಆಯಿತಲ್ವಾ? ಆಮೇಲೆ ಸಕ್ರಮ ಮಾಡಿಸುತ್ತೇವೆ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ.

ಖಾತಾದಲ್ಲಿ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯಲ್ಲಿ, ಅದು ಇನ್ನೂ ವಾಣಿಜ್ಯ ಕಟ್ಟಡವಾಗಿಯೇ ಇದೆಯಾ, ವಾಸಕ್ಕೆ ಒಪ್ಪಿಗೆ ಸಿಕ್ಕಿದೆಯಾ ನೋಡಿ. ಲಾಫ್ಟ್ ವಾಸಕ್ಕೆ ಹೆಸರಾದ ನ್ಯೂಯಾರ್ಕ್‌ನ ಸೋಹೋದಲ್ಲೂ ಕಲಾವಿದರು ಖಾಲಿ ಕಾರ್ಖಾನೆಗಳಲ್ಲಿ ಮೊದಲು ಕಾನೂನು ಮೀರಿಯೇ ಇದ್ದರು. 1971ರಲ್ಲಿ ಅಲ್ಲಿನ ವಲಯ ನಿಯಮ ಬದಲಾದ ಮೇಲೆ ಕಲಾವಿದರ ವಾಸಕ್ಕೆ ಒಪ್ಪಿಗೆ ಸಿಕ್ಕಿತು. ಇನ್ನೊಂದು ವಿಷಯ: 8 ಮನೆ ಮೀರದ ಯೋಜನೆಗೆ ರೇರಾ (ಮನೆ ಕೊಳ್ಳುವವರನ್ನು ಕಾಯುವ ರಿಯಲ್ ಎಸ್ಟೇಟ್ ಕಾನೂನು) ನೋಂದಣಿ ಕಡ್ಡಾಯವಲ್ಲ. ನಿಮ್ಮದು ಆರೇ ಮನೆ. ಅಂದರೆ ಆ ರಕ್ಷಣೆ ನಿಮಗೆ ಇಲ್ಲದೆ ಇರಬಹುದು, ಇಸಿ (ಋಣಭಾರ ಪತ್ರ), ಮೂಲಪತ್ರ ಎಲ್ಲವನ್ನೂ ನೀವೇ ವಕೀಲರಿಗೆ ತೋರಿಸಬೇಕು. ಕ್ರಯಪತ್ರದಲ್ಲಿ ನಿಮ್ಮ ಅವಿಭಾಜ್ಯ ಪಾಲು, ಅಂದರೆ ಎಲ್ಲರಿಗೂ ಸೇರಿದ ನೆಲದಲ್ಲಿ ನಿಮ್ಮ ಭಾಗ, ಎಷ್ಟು ಚದರಡಿ ಅಂತ ಅಂಕಿಯಲ್ಲೇ ಬರೆದಿರಲಿ. ಹಳೇ ಗೋಡೆಗೆ ವರ್ಷ ವರ್ಷ ಬೆಲೆ ಇಳಿಯುತ್ತದೆ, ಪೇಟೆಯ ನೆಲಕ್ಕೆ ಏರುತ್ತದೆ.

ಇನ್ನು ಕೊಳ್ಳುವವರು ಯಾರು? ಮೈಸೂರಿನವರಿಗೆ ಇವತ್ತಿಗೂ ಸೈಟ್ ಮೇಲೆಯೇ ಆಸೆ. ಅಷ್ಟು ದುಡ್ಡಿಗೆ ಊರಾಚೆ ಒಂದು 30-40 ಸಿಗುತ್ತಿತ್ತಲ್ಲ ಅಂತಾರೆ. ವಯಸ್ಸಾದವರು ಕಡಿದಾದ ಕಬ್ಬಿಣದ ಮೆಟ್ಟಿಲು ನೋಡಿಯೇ ಹಿಂದೆ ಸರಿಯುತ್ತಾರೆ. ಕಾರು ನಿಲ್ಲಿಸಲು ಜಾಗ ಇಲ್ಲ ಅಂದರೆ ಇನ್ನಷ್ಟು ಜನ ಹೋದರು. ಉಳಿಯುವವರು ಮನೆಯಿಂದಲೇ ಕೆಲಸ ಮಾಡುವವರು, ಕಲಾವಿದರು, ಬೆಂಗಳೂರಿಂದ ಬಂದ ಜೋಡಿಗಳು. ಇವರು ಮನಸ್ಸಿಟ್ಟರೆ ಚೌಕಾಸಿ ಜಾಸ್ತಿ ಮಾಡುವುದಿಲ್ಲ, ಆದರೆ ಅಂಥವರು ಸಿಗುವ ತನಕ ಕಾಯಬೇಕು. ಅರ್ಜೆಂಟಾಗಿ ಮಾರುವ ಪರಿಸ್ಥಿತಿ ಬರಬಹುದು ಅನ್ನಿಸಿದರೆ ಈ ಮನೆ ಬೇಡ.

2012ರಲ್ಲಿ ಮೈಸೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವ ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಲ್ಲಿಂದೀಚೆಗೆ ಹಳೇ ಕಟ್ಟಡ ಅಂದರೆ ಜನ ಹೆದರುವುದು ಸಹಜ. ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೇ ಕಾಲದ ಛಾವಣಿ) ಇದ್ದರೆ ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಗಟ್ಟಿ ಮರ ತಡೆಯುತ್ತದೆ. ವರ್ಷಗಟ್ಟಲೆ ನೀರು ಕುಡಿದ ಮರದಲ್ಲಿ ಮೊನೆ ಸಲೀಸಾಗಿ ಇಳಿಯುತ್ತದೆ, ಪುಡಿ ಉದುರುತ್ತದೆ. ಬಣ್ಣ ಎಷ್ಟೇ ಹೊಸದಿರಲಿ, ಅಲ್ಲಿ ಸೋರಿಕೆ ಇದೆ ಅಂತಲೇ ಅರ್ಥ. ಮೇಲೆ ಹೆಂಚು ಅಥವಾ ಶೀಟ್ ಇದ್ದರೆ ಏಪ್ರಿಲ್‌ನ ಮಧ್ಯಾಹ್ನ ಅಟ್ಟ ಹತ್ತಿ ಸ್ವಲ್ಪ ಹೊತ್ತು ಕೂತು ಬನ್ನಿ. ಬಿಸಿಯೆಲ್ಲ ಅಲ್ಲೇ ಸೇರುತ್ತದೆ, ಮಲಗುವ ಕೋಣೆಯೂ ಅಲ್ಲೇ.

ಇಷ್ಟೆಲ್ಲ ಹೇಳಿದೆ ಅಂತ ಇಂಥ ಮನೆ ನನಗೆ ಇಷ್ಟವಿಲ್ಲ ಅಂದುಕೊಳ್ಳಬೇಡಿ. ಆ ದಪ್ಪ ಗೋಡೆ, ಎತ್ತರದ ಕಿಟಕಿಯಿಂದ ಬೀಳುವ ಬೆಳಕು ಹೊಸ ಫ್ಲ್ಯಾಟ್‌ನಲ್ಲಿ ಸಿಗುವುದಿಲ್ಲ. ಒಡೆದು ಹಾಕುವ ಬದಲು ಹೀಗೆ ಉಳಿಸಿಕೊಂಡರೆ ನನಗೆ ನಿಜವಾಗಿ ಸಂತೋಷ. ಅಡ್ವಾನ್ಸ್ ಕೊಡುವ ಮುಂಚೆ ಮಂಜೂರಾದ ಪ್ಲಾನಿನ ಪ್ರತಿ ಕೇಳಿ. ಅದರಲ್ಲಿ ಅಟ್ಟ ಇದ್ದರೆ ಮುಂದೆ ಮಾತಾಡಿ, ಇಲ್ಲದಿದ್ದರೆ 600 ಚದರಡಿಯ ಬೆಲೆಗೆ ಮಾತ್ರ ಕೇಳಿ.