ಕುಡುಗೋಲು ಯಾವಾಗ ಆಯುಧವಾಗುತ್ತದೆ?

ಓದುಗರ ಪ್ರಶ್ನೆಗಳಿಗೆ ಬಳ್ಳಾರಿಯಲ್ಲಿ ವಕೀಲಿ ಮಾಡುವ ನಮ್ಮ ಅಂಕಣಕಾರರ ಉತ್ತರ. ಚಾಕು, ಚೂರಿ, ಮಚ್ಚುಗಳನ್ನು ಜೊತೆಯಲ್ಲಿಟ್ಟುಕೊಂಡು ತಿರುಗುವುದನ್ನು ಪೂರ್ತಿಯಾಗಿ ನಿಷೇಧಿಸಬೇಕೆಂಬ ಚರ್ಚೆಯ ಕುರಿತು ಈ ಸಲ ಹಲವು ಪತ್ರಗಳು ಬಂದಿದ್ದು, ನಾಲ್ಕನ್ನು ಆಯ್ದುಕೊಂಡಿದ್ದೇವೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ವಕೀಲರಿಗೆ ಶರಣು. ನಾವು ಕುರಿ ಸಾಕುವವರು. ಸುಗ್ಗಿ ಮುಗಿದ ಮೇಲೆ ಸಿರುಗುಪ್ಪದ ಕಡೆಯ ಗದ್ದೆಗಳಲ್ಲಿ ಕುರಿ ತರುಬಲು, ಅಂದರೆ ಗೊಬ್ಬರಕ್ಕೆಂದು ಹಿಂಡನ್ನು ನಿಲ್ಲಿಸಲು, ಹೋಗುತ್ತೇವೆ. ಹೋದ ತಿಂಗಳು ನನ್ನ ತಮ್ಮ ಕತ್ತಲಾದ ಮೇಲೆ ಬೈಕಿನಲ್ಲಿ ಬರುವಾಗ ಪೊಲೀಸರು ತಡೆದು, ಅವನಲ್ಲಿದ್ದ ಕೊಡಲಿ ಮತ್ತು ಕುಡುಗೋಲನ್ನು ತೆಗೆದುಕೊಂಡು, ಬಹಳ ಹೊತ್ತು ಠಾಣೆಯಲ್ಲಿ ಕೂರಿಸಿದ್ದರು. ಚೂಪಾದ ಯಾವ ವಸ್ತುವನ್ನೂ ರಸ್ತೆಯಲ್ಲಿ ಒಯ್ಯಬಾರದೆಂಬ ಕಾನೂನು ಬರಬೇಕೆಂದು ಈಗ ಕೆಲವರು ಹೇಳುತ್ತಿದ್ದಾರೆ. ಹಾಗಾದರೆ ನಮ್ಮಂಥವರ ಗತಿಯೇನು?
– ಓದುಗರು, ಕುಷ್ಟಗಿ ತಾಲ್ಲೂಕು

ಉತ್ತರ: ನಿಮ್ಮ ತಮ್ಮನ ಕೊಡಲಿಗಾಗಲಿ ಕುಡುಗೋಲಿಗಾಗಲಿ ಲೈಸೆನ್ಸ್ ಬೇಕಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯು ಶಸ್ತ್ರವೆಂದರೆ ಏನೆಂದು ವಿವರಿಸುವ 2ನೇ ಕಲಂನಲ್ಲಿಯೇ, ಮನೆಬಳಕೆಗೆ ಅಥವಾ ಒಕ್ಕಲುತನಕ್ಕೆಂದೇ ಮಾಡಿದ ವಸ್ತುಗಳನ್ನು ಹೊರಗಿಟ್ಟಿದೆ. ಲಾಠಿಯನ್ನೂ ಸಾಮಾನ್ಯ ಊರುಗೋಲನ್ನೂ ಉದಾಹರಣೆಯಾಗಿ ಹೆಸರಿಸಿದೆ. ಈ ಕಾಯ್ದೆಯಡಿ ಬಂದ 2016ರ ಶಸ್ತ್ರಾಸ್ತ್ರ ನಿಯಮಗಳ 5ನೇ ವರ್ಗದಲ್ಲಿ ಖಡ್ಗ, ಕಠಾರಿ, ಭರ್ಚಿಗಳ ಜೊತೆಗೆ, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚೂರಿಗಳು ಬರುತ್ತವೆ. ಆದರೆ ಅಲ್ಲಿಯೂ ಮನೆ, ಹೊಲ, ವಿಜ್ಞಾನ, ಕೈಗಾರಿಕೆಗಳ ಕೆಲಸದ ಉಪಕರಣಗಳನ್ನು ಬಿಟ್ಟಿದ್ದಾರೆ. ಎಳನೀರು ಮಾರುವವರ ಮಚ್ಚು ಎಷ್ಟೇ ಉದ್ದವಿದ್ದರೂ ಅದು ಅವರ ಅನ್ನದ ಉಪಕರಣವೇ ಹೊರತು ಶಸ್ತ್ರವಲ್ಲವೆಂಬ ತಿಳಿವಳಿಕೆ ಕಾಯ್ದೆಗೆ ಮೊದಲಿನಿಂದಲೂ ಇದೆ.

ಹಾಗೆಂದು ಪೊಲೀಸರು ತಡೆದು ವಿಚಾರಿಸಿದ್ದೇ ತಪ್ಪೆಂದು ನಾನು ಹೇಳಲಾರೆ. ಚುನಾವಣೆ, ಜಾತ್ರೆ, ಮೆರವಣಿಗೆ ಅಥವಾ ಗಲಭೆಯ ಸಂದರ್ಭದಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಂ ಅಡಿಯಲ್ಲಿ ಜಿಲ್ಲಾ ದಂಡಾಧಿಕಾರಿಗಳು, ಅಂದರೆ ನಮ್ಮ ಜಿಲ್ಲಾಧಿಕಾರಿಗಳೇ, ಆಯುಧ, ಚೂರಿ, ದೊಣ್ಣೆಗಳನ್ನು ಹೊತ್ತು ತಿರುಗದಂತೆ ಆದೇಶ ಹೊರಡಿಸಬಹುದು. ಹಿಂದೆ 144 ಎಂದು ಎಲ್ಲರ ಬಾಯಲ್ಲಿದ್ದ ನಿಷೇಧಾಜ್ಞೆಯು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ದಂಡಾಧಿಕಾರಿಗಳು ಹೊರಡಿಸಿದ ಅಂಥ ಆಜ್ಞೆ 2 ತಿಂಗಳು ಮೀರುವಂತಿಲ್ಲ, ಸರ್ಕಾರವು ಅದನ್ನು ಮತ್ತೆ 6 ತಿಂಗಳವರೆಗೆ ಬೆಳೆಸಬಹುದು. ಇಂಥ ಆದೇಶ ಜಾರಿಯಲ್ಲಿದ್ದರೆ ಹೊಲದ ಉಪಕರಣವೂ ಪ್ರಶ್ನೆಗೆ ಒಳಗಾಗುತ್ತದೆ. ಆದ್ದರಿಂದ ನೀವು ಮೊದಲು ತಿಳಿದುಕೊಳ್ಳಬೇಕಾದದ್ದು, ಅಂದು ಆ ಊರಿನಲ್ಲಿ ಯಾವುದಾದರೂ ಆದೇಶ ಜಾರಿಯಲ್ಲಿತ್ತೇ ಎಂಬುದನ್ನು. ಈ ಆದೇಶಗಳು ಕಚೇರಿಯ ಫಲಕಕ್ಕೂ ಪತ್ರಿಕೆಯ ಒಳಪುಟಕ್ಕೂ ಮುಗಿದುಹೋಗಿ, ಬಯಲಿನಲ್ಲಿ ಮಲಗುವ ಕುರಿಗಾರರ ಕಿವಿಗೆ ಬೀಳುವುದೇ ಇಲ್ಲ. ಹಳ್ಳಿಹಳ್ಳಿಗಳಲ್ಲಿ ಡಂಗುರ ಸಾರಿಸಿ ತಿಳಿಸಬೇಕೆಂದು ನಾನು ಈ ಅಂಕಣದಲ್ಲಿಯೇ ಒತ್ತಾಯಿಸುತ್ತೇನೆ.

ಬಹಳ ವರ್ಷಗಳ ಹಿಂದೆ ನಾನು ನಡೆಸಿದ ಒಂದು ಪ್ರಕರಣದಲ್ಲಿ, ಮುದ್ದೆಮಾಲಿನ, ಅಂದರೆ ಪೊಲೀಸರು ವಶಪಡಿಸಿಕೊಂಡ ವಸ್ತುವಿನ, ಗಂಟು ಬಿಚ್ಚಿದಾಗ ಒಳಗಿದ್ದದ್ದು ಒಂದು ಕುಡುಗೋಲು. ಸಾಣೆ ಹಿಡಿದು ಹಿಡಿದು ಅದರ ಅಲಗು ಬೆರಳಗಲಕ್ಕೆ ಸವೆದಿತ್ತು, ಹಿಡಿಯ ಮೇಲೆ ಕಟ್ಟಿದ್ದ ಬಟ್ಟೆ ಬೆವರಿಗೆ ಕಪ್ಪಾಗಿತ್ತು, ಅದಕ್ಕೆ ನೇತುಬಿಟ್ಟ ಚೀಟಿಯಲ್ಲಿ 'ಮಾರಕಾಸ್ತ್ರ' ಎಂದು ಬರೆದಿತ್ತು. ಆರೋಪಿಯು ಭತ್ತ ಕೊಯ್ಯಲು ಹೊರಟವನೆಂಬುದನ್ನು ಸಾಬೀತುಪಡಿಸಲು ನಮಗೆ ಎರಡು ಸುಗ್ಗಿಗಳಷ್ಟು ಕಾಲ ಬೇಕಾಯಿತು. ಅವನು ಬಿಡುಗಡೆಯಾದ, ಆದರೆ ಆ ಎರಡು ವರ್ಷಗಳ ಕೂಲಿಯನ್ನು ಯಾವ ನ್ಯಾಯಾಲಯವೂ ತುಂಬಿಕೊಡಲಿಲ್ಲ. ಚೂಪಾದದ್ದೆಲ್ಲವನ್ನೂ ನಿಷೇಧಿಸಿರೆಂದು ಕೇಳುವವರ ಮುಂದೆ ಆ ಚೀಟಿಯನ್ನು ಇಡಬೇಕೆನಿಸುತ್ತದೆ.

ಈಗ ನೀವು ಮಾಡಬೇಕಾದ ಕೆಲಸ. ಉಪಕರಣಗಳನ್ನು ಕಿತ್ತುಕೊಂಡಾಗ ಜಪ್ತಿ ಪಂಚನಾಮೆ ಬರೆದರೇ ಎಂದು ಠಾಣೆಯಲ್ಲಿ ಕೇಳಿ, ಬರೆದಿದ್ದರೆ ಅದರ ಪ್ರತಿ ಪಡೆಯಿರಿ. ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧನೆ ಮತ್ತು ಜಪ್ತಿಯನ್ನು ವಿಡಿಯೊದಲ್ಲಿ ದಾಖಲಿಸಬೇಕು. ಪ್ರಕರಣ ದಾಖಲಾಗದಿದ್ದರೆ ವಸ್ತುಗಳನ್ನು ಮರಳಿಸುವಂತೆ ಬರಹದಲ್ಲಿ ಕೋರಿ, ಅರ್ಜಿಗೆ ಸ್ವೀಕೃತಿ ತೆಗೆದುಕೊಳ್ಳಿ. ಕೊಡದಿದ್ದರೆ ಅದೇ ಸಂಹಿತೆಯ 503ನೇ ಕಲಂ ಅಡಿಯಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯವನ್ನು ಕೇಳಬಹುದು. ವಕೀಲರ ಶುಲ್ಕದ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮುಂದೆ ಪ್ರಯಾಣ ಮಾಡುವಾಗ ಅಲಗಿಗೆ ಗೋಣಿತಾಟು ಸುತ್ತಿ, ಹಗ್ಗ ಬಿಗಿದು, ಸಾಮಾನಿನ ಗಂಟಿನೊಳಗೆ ಇಡಿ. ಸೊಂಟಕ್ಕೆ ಸಿಕ್ಕಿಸಿದ ಕೊಡಲಿಗೂ ಗಂಟಿನಲ್ಲಿರುವ ಕೊಡಲಿಗೂ ತಪಾಸಣೆ ಮಾಡುವವರ ಕಣ್ಣಿಗೆ ಬಹಳ ವ್ಯತ್ಯಾಸವಿದೆ.

ಪ್ರಶ್ನೆ: ಹದಿನೇಳು ವರ್ಷದ ನನ್ನ ಮಗನ ಕಾಲೇಜು ಚೀಲದಲ್ಲಿ ಬಟನ್ ಒತ್ತಿದರೆ ತೆರೆಯುವ ಚಾಕು ಸಿಕ್ಕಿತು. ಗೆಳೆಯರೆಲ್ಲರ ಬಳಿ ಇದೆ, ಸುಮ್ಮನೆ ಇಟ್ಟುಕೊಂಡಿದ್ದೇನೆ ಎನ್ನುತ್ತಾನೆ. ಇಂಗ್ಲೆಂಡಿನಲ್ಲಿ ಇರುವಂಥ ಬಿಗಿಯಾದ ಕಾನೂನು ನಮ್ಮಲ್ಲಿ ಏಕಿಲ್ಲ?
– ತಂದೆಯೊಬ್ಬರು, ಬಳ್ಳಾರಿ

ಉತ್ತರ: ನಿಮ್ಮ ಆತಂಕ ಸರಿಯಾದದ್ದೇ. ಕುರಿಗಾರರ ಕುಡುಗೋಲನ್ನು ಸಮರ್ಥಿಸುವ ನಾನು ಈ ಚಾಕುವನ್ನು ಸಮರ್ಥಿಸುವುದಿಲ್ಲ. ಈರುಳ್ಳಿ ಹೆಚ್ಚುವುದಕ್ಕೂ ಹಗ್ಗ ಕೊಯ್ಯುವುದಕ್ಕೂ 'ಟಕ್' ಎಂದು ಒಂದೇ ಕೈಯಲ್ಲಿ ತೆರೆದುಕೊಳ್ಳುವ ಅಲಗು ಬೇಕಾಗಿಲ್ಲ. ಆ ಸದ್ದು ಎದುರಿಗಿರುವವರನ್ನು ಹೆದರಿಸುವುದಕ್ಕೇ ಇರುವಂಥದ್ದು.

ಇಂಗ್ಲೆಂಡಿನಲ್ಲಿ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 139ನೇ ಕಲಂ ಪ್ರಕಾರ, 3 ಇಂಚಿನೊಳಗಿನ ಮಡಚುವ ಜೇಬುಚಾಕುವನ್ನು ಬಿಟ್ಟು ಬೇರೆ ಯಾವ ಅಲಗನ್ನೂ ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಸ್ಥಳಕ್ಕೆ ಒಯ್ಯುವಂತಿಲ್ಲ. ಶಿಕ್ಷೆ 4 ವರ್ಷಗಳವರೆಗೆ ಇದೆ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿ 'ಜೋಂಬಿ' ಮಾದರಿಯ ಚೂರಿಗಳನ್ನೂ 2025ರ ಆಗಸ್ಟ್‌ನಲ್ಲಿ 'ನಿಂಜಾ' ಖಡ್ಗಗಳನ್ನೂ ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧವೆಂದು ಮಾಡಿದರು. ಆದರೆ ಅಲ್ಲಿ ಕಾರಣವನ್ನು ಸಾಬೀತುಪಡಿಸುವ ಹೊಣೆ ಚಾಕು ಹಿಡಿದವರದ್ದು. ರಸ್ತೆಯಲ್ಲಿ ತಡೆದು ಶೋಧಿಸುವ ಅಧಿಕಾರ ಕಪ್ಪು ಜನರ ಮೇಲೆಯೇ ಹೆಚ್ಚು ಬೀಳುತ್ತಿದೆಯೆಂಬ ದೂರು ಅಲ್ಲಿ ವರ್ಷಗಳಿಂದ ಇದೆ. ಆ ಹೊಣೆಯನ್ನು ನಮ್ಮಲ್ಲಿ ತಂದರೆ ಅದು ಮೊದಲು ಬೀಳುವುದು, ಕಾರಣವನ್ನು ಕಾಗದದಲ್ಲಿ ತೋರಿಸಲಾಗದ ಕುರಿಗಾರರ ಮೇಲೆ, ವಲಸೆ ಹೋಗುವ ಕೂಲಿಕಾರರ ಮೇಲೆ.

ನಮ್ಮಲ್ಲಿ ಬಾಗಿಲು ಬೇರೆ ಕಡೆಗಿದೆ. ಶಸ್ತ್ರಾಸ್ತ್ರ ಕಾಯ್ದೆಯ 4ನೇ ಕಲಂ ಪ್ರಕಾರ, ಯಾವ ಪ್ರದೇಶದಲ್ಲಿ ಯಾವ ಬಗೆಯ ಆಯುಧಕ್ಕೆ ಲೈಸೆನ್ಸ್ ಬೇಕೆಂಬುದನ್ನು ಅಧಿಸೂಚನೆಯಲ್ಲಿ ಹೆಸರಿಸಬಹುದು, ಮೀರಿದವರಿಗೆ 25ನೇ ಕಲಂ ಅಡಿಯಲ್ಲಿ ಸಾಮಾನ್ಯವಾಗಿ 1ರಿಂದ 3 ವರ್ಷ ಸೆರೆ ಮತ್ತು ದಂಡ. ದೆಹಲಿಯಲ್ಲಿ 1980ರಲ್ಲಿಯೇ ಇಂಥ ಅಧಿಸೂಚನೆ ಹೊರಡಿಸಿ, ಬಟನ್ ಚಾಕುಗಳನ್ನು ಅಲಗಿನ ಅಳತೆ ಸಮೇತ, ಅಂದರೆ ಉದ್ದ 7.62 ಸೆಂಟಿಮೀಟರ್ ಅಥವಾ ಹೆಚ್ಚು, ಅಗಲ 1.72 ಸೆಂಟಿಮೀಟರ್ ಅಥವಾ ಹೆಚ್ಚು ಎಂದು ಹೆಸರಿಸಿದರು. ನಮ್ಮ ನಗರಗಳಿಗೂ ಹೀಗೆ ಗುರಿಯಿಟ್ಟ ಅಧಿಸೂಚನೆ ಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹೊಡೆದಾಟಕ್ಕೆಂದೇ ಮಾಡಿದ ವಸ್ತುವನ್ನು ಹೆಸರು ಹಿಡಿದು ತಡೆಯಿರಿ, ದುಡಿಮೆಯ ಕಬ್ಬಿಣವನ್ನು ಬಿಡಿ.

ಮಗನ ವಿಷಯ ಅಧಿಸೂಚನೆಗಾಗಿ ಕಾಯುವಂಥದ್ದಲ್ಲ. ಇಂದೇ ಕೂರಿಸಿಕೊಂಡು ಮಾತನಾಡಿ. ಹೊಡೆಯಬೇಡಿ, ಅವನು ಯಾರಿಗೆ ಹೆದರಿದ್ದಾನೆಂದು ಕೇಳಿ, ಏಕೆಂದರೆ ನನ್ನ ಬಳಿ ಬಂದ ಹುಡುಗರಲ್ಲಿ ಹೆಚ್ಚಿನವರು ಚಾಕು ಇಟ್ಟುಕೊಂಡದ್ದು ಶೋಕಿಗಿಂತ ಭಯಕ್ಕೆ. ಭಾರತೀಯ ನ್ಯಾಯ ಸಂಹಿತೆಯ 118ನೇ ಕಲಂ ಪ್ರಕಾರ ಇಂಥ ಆಯುಧದಿಂದ ಗಾಯ ಮಾಡಿದರೆ 3 ವರ್ಷಗಳವರೆಗೆ, ಗಾಯ ತೀವ್ರವಾದದ್ದಾದರೆ ಕನಿಷ್ಠ 1 ವರ್ಷದಿಂದ 10 ವರ್ಷ ಅಥವಾ ಜೀವಾವಧಿಯವರೆಗೆ ಶಿಕ್ಷೆಯಿದೆ. ಹದಿನೆಂಟು ತುಂಬುವವರೆಗೆ ಅವನ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ, ಅದಾದ ಮೇಲೆ ಆ ರಕ್ಷಣೆಯಿಲ್ಲ. ಜಗಳದ ಬಿರುಸಿನಲ್ಲಿ ಅಲಗು ಎಷ್ಟು ಆಳಕ್ಕೆ ಇಳಿಯುತ್ತದೆಂಬುದು ಹಿಡಿದವನ ಕೈಯಲ್ಲಿ ಇರುವುದಿಲ್ಲವೆಂದು ಅವನಿಗೆ ಬಿಡಿಸಿ ಹೇಳಿ.

ಪ್ರಶ್ನೆ: ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಬರುತ್ತೇನೆ. ಆತ್ಮರಕ್ಷಣೆಗೆ ಚಿಕ್ಕ ಚಾಕು ಇಟ್ಟುಕೊಳ್ಳಬಹುದೇ?
– ಓದುಗರು, ತೋರಣಗಲ್ಲು

ಉತ್ತರ: ಅಲಗು 9 ಇಂಚು ಉದ್ದ, 2 ಇಂಚು ಅಗಲದೊಳಗಿರುವ ಸಾದಾ ಚಾಕು ಚೀಲದಲ್ಲಿದ್ದ ಮಾತ್ರಕ್ಕೆ ಶಸ್ತ್ರಾಸ್ತ್ರ ನಿಯಮಗಳ 5ನೇ ವರ್ಗಕ್ಕೆ ಬರುವುದಿಲ್ಲ, ನಿಷೇಧಾಜ್ಞೆ ಜಾರಿಯಲ್ಲಿದ್ದರೆ ಮಾತು ಬೇರೆ. ಆತ್ಮರಕ್ಷಣೆಯ ಹಕ್ಕು ನ್ಯಾಯ ಸಂಹಿತೆಯ 34ನೇ ಕಲಂನಿಂದ ಮುಂದೆ ಇದೆ, ಆದರೆ ಅದು ಅಪಾಯ ಎದುರಾದ ಹೊತ್ತಿಗೆ, ಅಪಾಯದ ಪ್ರಮಾಣಕ್ಕೆ ತಕ್ಕಂತೆ ಸಿಗುವ ಹಕ್ಕು. 2024ರಲ್ಲಿ ನಮ್ಮ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಪ್ರಾಣಾಪಾಯವಿಲ್ಲದಿರುವಾಗ ಬಳಸಿದ ಪೆಪ್ಪರ್ ಸ್ಪ್ರೇಯನ್ನೂ ಅಪಾಯಕಾರಿ ಆಯುಧವೆಂದು ಕಂಡಿದೆ. ಚಾಕುವನ್ನು ನಾನು ಸಲಹೆ ಮಾಡುವುದಿಲ್ಲ, ಬಲವಿರುವವರು ಅದನ್ನೇ ಕಸಿದು ನಿಮ್ಮ ಮೇಲೆ ತಿರುಗಿಸಬಹುದು. ಫೋನಿನಲ್ಲಿ 112 ಸಿದ್ಧವಾಗಿರಲಿ. ರಾತ್ರಿ ಪಾಳಿಯ ಮಹಿಳೆಯರಿಗೆ ಮನೆಯವರೆಗೆ ವಾಹನ ಕೊಡುವಂತೆ ಕೆಲಸದ ಸ್ಥಳದಲ್ಲಿ ಎಲ್ಲರೂ ಸೇರಿ ಬರಹದಲ್ಲಿ ಕೇಳಿ, ಸಂಕೋಚ ಬೇಡ.

ಪ್ರಶ್ನೆ: ಅಜ್ಜನ ಕಾಲದ ತಲವಾರು ನಮ್ಮ ದೇವರ ಕೋಣೆಯಲ್ಲಿದೆ, ಆಯುಧ ಪೂಜೆಯಂದು ಪೂಜಿಸುತ್ತೇವೆ. ಕೊಡವರಿಗೆ ವಿನಾಯಿತಿ ಇರುವಂತೆ ನಮಗೂ ಇದೆಯೇ?
– ಓದುಗರು, ಮಾನ್ವಿ

ಉತ್ತರ: ಇಲ್ಲ. ಬಂದೂಕಿನ ಲೈಸೆನ್ಸ್‌ನಿಂದ ಕೊಡವರಿಗಿರುವ ವಿನಾಯಿತಿಯು ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಂ ಅಡಿಯಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕವಾಗಿ ಕೊಟ್ಟದ್ದು, 2029ರ ಅಕ್ಟೋಬರ್ ಅಂತ್ಯದವರೆಗೆ ಇದೆ, ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲಿಯೇ ಮಾನ್ಯತೆಯಿದೆ. ನಿಮ್ಮ ತಲವಾರಿನ ಅಲಗಿನ ಅಳತೆ ಮತ್ತು ಒಂದು ಫೋಟೊ ಲಗತ್ತಿಸಿ, ಲೈಸೆನ್ಸ್ ಅಗತ್ಯವಿದೆಯೇ ಎಂದು ರಾಯಚೂರಿನ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು, ಬರಹದ ಉತ್ತರ ಪಡೆದು ಇಟ್ಟುಕೊಳ್ಳಿ. ಅಲ್ಲಿಯವರೆಗೆ ಅದು ದೇವರ ಕೋಣೆಯಿಂದ ಹೊರಗೆ ಬರದಿರಲಿ. ಮನೆಯ ಹುಡುಗರು ಹುಟ್ಟುಹಬ್ಬದ ಕೇಕ್ ಕತ್ತರಿಸಲು ಅದನ್ನು ಎತ್ತಿಕೊಂಡು, ಆ ವಿಡಿಯೊವನ್ನು ಮೊಬೈಲಿನಲ್ಲಿ ಹರಿಬಿಟ್ಟರೆ, ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಮನೆಯ ಯಜಮಾನರನ್ನೇ.