ಮೊದಲ ಸಲ ಕ್ರೂಸ್‌ಗೆ ಹೊರಟಿದ್ದೀರಾ? ದಡದ ಮೇಲಿನ ಲೆಕ್ಕ ಮೊದಲು ಮುಗಿಸಿ

ಬೇಸಿಗೆ ರಜೆ ಹತ್ತಿರ ಬಂದ ಹಾಗೆ ಕ್ರೂಸ್ ಬಗ್ಗೆ ಪ್ರಶ್ನೆಗಳು ಜಾಸ್ತಿಯಾಗಿವೆ. ಹಡಗು ಹತ್ತಿದ ಮೇಲೆ ಊಟ, ಹಾಸಿಗೆ, ಮಕ್ಕಳ ಆಟ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಕಷ್ಟ ಬರುವುದು ಹತ್ತುವ ಮುಂಚೆ, ಬಂದರಿನಲ್ಲಿ ಇಳಿದಾಗ, ಕೊನೆಗೆ ಬಿಲ್ ಕೈಗೆ ಸಿಕ್ಕಾಗ. ಹಾಗಾಗಿ ಈ ಸಲ ಆ ಬಗೆಯ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾವು ಆರು ಜನ. ನಾನು, ಹೆಂಡತಿ, 11 ಮತ್ತು 4 ವರ್ಷದ ಮಕ್ಕಳು, ಅಪ್ಪ, ಅಮ್ಮ. ಅಪ್ಪನಿಗೆ ಮೊಣಕಾಲು ನೋವು. ಏಪ್ರಿಲ್‌ನಲ್ಲಿ ಹೋಗಬೇಕು ಅಂತಿದ್ದೇವೆ. ಮುಂಬೈನಿಂದ ಹೋಗುವುದಾ, ಸಿಂಗಪುರದಿಂದಲಾ? ಎಷ್ಟು ದಿನದ್ದು ತೆಗೆದುಕೊಳ್ಳಬೇಕು? (ಮೈಸೂರಿನ ಓದುಗರು)

ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಅಪ್ಪನ ಮೊಣಕಾಲು. ಅಲ್ಲಿಂದಲೇ ಶುರು ಮಾಡೋಣ.

ಮುಂಬೈನಿಂದ ಹೊರಡುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗಿನಲ್ಲಿ ಗೋವಾ, ಲಕ್ಷದ್ವೀಪದ ಕಡೆ ಹೋಗಬಹುದು. ದೇಶದೊಳಗಿನ ಪ್ರಯಾಣಕ್ಕೆ ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ಖರ್ಚೆಲ್ಲ ರೂಪಾಯಿಯಲ್ಲೇ. ಊಟವೂ ನಮ್ಮ ಕಡೆಯದ್ದೇ. ಹಡಗು 1990ರದು, 11 ಅಂತಸ್ತು. ಇವತ್ತಿನ ದೊಡ್ಡ ಹಡಗುಗಳ ಮುಂದೆ ಚಿಕ್ಕದು. ಚಿಕ್ಕದಾಗಿರುವುದರಿಂದ ವಯಸ್ಸಾದವರಿಗೆ ಓಡಾಟ ಕಡಿಮೆ, ಅದೊಂದು ಅನುಕೂಲ. ಆದರೆ ವಾರಾಂತ್ಯದ ಎರಡು ರಾತ್ರಿಯ ಟ್ರಿಪ್‌ಗಳಲ್ಲಿ ಆಫೀಸ್ ಗುಂಪು, ಸ್ನೇಹಿತರ ಗುಂಪು ಜಾಸ್ತಿ ಇರುತ್ತವೆ. ಗದ್ದಲ ಬೇಡ ಅನ್ನುವವರು ವಾರದ ನಡುವಿನದ್ದನ್ನು ನೋಡಿ.

ಲಕ್ಷದ್ವೀಪದಲ್ಲಿ ಒಂದು ತೊಡಕಿದೆ. ಅಲ್ಲಿ ಹಡಗು ದಡಕ್ಕೆ ಬರುವುದಿಲ್ಲ. ಸಮುದ್ರದಲ್ಲೇ ನಿಲ್ಲುತ್ತದೆ. ಅಲ್ಲಿಂದ ಚಿಕ್ಕ ದೋಣಿಗೆ ಇಳಿಯಬೇಕು. ದೋಣಿ ಅಲೆಯ ಜೊತೆ ಏಳುತ್ತಾ ಇಳಿಯುತ್ತಾ ಇರುತ್ತದೆ. ಇಬ್ಬರು ಸಿಬ್ಬಂದಿ ಎರಡೂ ತೋಳು ಹಿಡಿದುಕೊಂಡು, ದೋಣಿ ಮೇಲೆ ಬಂದ ಕ್ಷಣದಲ್ಲಿ "ಈಗ" ಅನ್ನುತ್ತಾರೆ. ಆಗ ಕಾಲು ಇಡಬೇಕು. ಮಕ್ಕಳಿಗೆ ಅದೇ ಮಜಾ. ಮೊಣಕಾಲು ನೋವಿರುವವರಿಗೆ ಮಜಾ ಅಲ್ಲ. ಅಪ್ಪ ಹಡಗಿನಲ್ಲೇ ಉಳಿಯಬೇಕಾಗುತ್ತದೆ, ಅವರ ಜೊತೆ ಅಮ್ಮನೂ. ಇಂಥ ದೋಣಿಗೆ ಟೆಂಡರ್ ಅನ್ನುತ್ತಾರೆ. ಯಾವುದೇ ಕ್ರೂಸ್ ಬುಕ್ ಮಾಡುವ ಮೊದಲು "ಈ ಬಂದರಿನಲ್ಲಿ ಟೆಂಡರಾ, ನೇರ ದಡಕ್ಕಾ?" ಅಂತ ಕೇಳಿ. ಜಾಹೀರಾತಿನಲ್ಲಿ ಇದನ್ನು ಯಾರೂ ದಪ್ಪ ಅಕ್ಷರದಲ್ಲಿ ಹಾಕುವುದಿಲ್ಲ. ಥಾಯ್ಲೆಂಡ್‌ನ ಫುಕೆಟ್‌ನಲ್ಲೂ ದೊಡ್ಡ ಹಡಗುಗಳು ಸಾಮಾನ್ಯವಾಗಿ ಪಟಾಂಗ್ ಕಡಲತೀರದಿಂದ ದೂರ ನಿಂತು ಟೆಂಡರ್‌ನಲ್ಲೇ ಜನರನ್ನು ಇಳಿಸುತ್ತವೆ.

ನಿಮ್ಮ ಮನೆಯವರಿಗೆ ನನ್ನ ಆಯ್ಕೆ ಸಿಂಗಪುರದಿಂದ ಮಲೇಷ್ಯಾದ ಪೆನಾಂಗ್ ಕಡೆ ಹೋಗಿ ಬರುವ ಮೂರು ಅಥವಾ ನಾಲ್ಕು ರಾತ್ರಿಯ ಪ್ರಯಾಣ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನವಿದೆ, ನಾಲ್ಕೂವರೆ ಗಂಟೆ. ಮಲಕ್ಕಾ ಜಲಸಂಧಿಯ ಒಂದು ಕಡೆ ಮಲೇಷ್ಯಾ, ಇನ್ನೊಂದು ಕಡೆ ಸುಮಾತ್ರಾ. ನಡುವಿನ ನೀರು ತೆರೆದ ಸಮುದ್ರದಷ್ಟು ಏಳುವುದಿಲ್ಲ. ಪೆನಾಂಗ್‌ನಲ್ಲಿ ಹಡಗು ಜಾರ್ಜ್ ಟೌನ್ ಪೇಟೆಯ ಪಕ್ಕದಲ್ಲೇ ಕಟ್ಟೆಗೆ ತಾಗಿ ನಿಲ್ಲುತ್ತದೆ. ಅಪ್ಪ ನಿಧಾನವಾಗಿ ನಡೆದು ಇಳಿದರೆ ಸಾಕು. ಹಳೇ ಬೀದಿಗಳು, ಲಿಟ್ಲ್ ಇಂಡಿಯಾ, ಮಾರಿಯಮ್ಮನ ಗುಡಿ ಎಲ್ಲ ಹತ್ತಿರ. ಮಧ್ಯಾಹ್ನ ಅಮ್ಮನಿಗೆ ದೋಸೆ ಬೇಕು ಅನ್ನಿಸಿದರೆ ಅದೂ ಸಿಗುತ್ತದೆ. ಆದರೆ ಇಲ್ಲಿನ ಹಡಗುಗಳು ಬಹಳ ಉದ್ದ. ಹಿಂದೆ ಸಿಂಗಪುರದಿಂದ ಹೊರಡುತ್ತಿದ್ದ ಸ್ಪೆಕ್ಟ್ರಂ ಆಫ್ ದಿ ಸೀಸ್ ಹಡಗು 347 ಮೀಟರ್ ಇದೆ. ರೂಮು ಒಂದು ತುದಿಗೆ, ಊಟದ ಹಾಲ್ ಇನ್ನೊಂದು ತುದಿಗೆ ಬಿದ್ದರೆ ದಿನಕ್ಕೆ ಮೂರು ಸಲ ಅಷ್ಟುದ್ದ ನಡೆಯಬೇಕು.

ಅದಕ್ಕೇ ಕ್ಯಾಬಿನ್ ನೀವೇ ಆರಿಸಿ. ಲಿಫ್ಟ್ ಹತ್ತಿರದ್ದು, ಹಡಗಿನ ನಡುಭಾಗದ್ದು. ಮೇಲೆ ಈಜುಕೊಳವಾಗಲಿ ಕೆಳಗೆ ಡಿಸ್ಕೊ ಆಗಲಿ ಇರಬಾರದು. "ಗ್ಯಾರಂಟಿ ಕ್ಯಾಬಿನ್" ಅಂತ ಸ್ವಲ್ಪ ಅಗ್ಗಕ್ಕೆ ಕೊಡುತ್ತಾರೆ. ಗ್ಯಾರಂಟಿ ಇರುವುದು ಒಂದು ಕ್ಯಾಬಿನ್ ಸಿಗುವುದಕ್ಕೆ ಮಾತ್ರ, ಎಲ್ಲಿ ಅನ್ನುವುದಕ್ಕಲ್ಲ. ಆರು ಜನರಿಗೆ ಎರಡು ಕ್ಯಾಬಿನ್ ಬೇಕು. ನಡುವೆ ಬಾಗಿಲು ಇರುವ ಜೋಡಿ ಕ್ಯಾಬಿನ್ ಸಿಕ್ಕರೆ ಬಿಡಬೇಡಿ. ಮೂರನೆಯ, ನಾಲ್ಕನೆಯ ಹಾಸಿಗೆ ಅಂದರೆ ಎಷ್ಟೋ ಸಲ ಚಾವಣಿಯಿಂದ ಕೆಳಗಿಳಿಯುವ ಬರ್ತ್. ನಿಮ್ಮ ದೊಡ್ಡ ಮಗುವಿಗೆ ಅದು ಖುಷಿ, ಚಿಕ್ಕದನ್ನು ಅಲ್ಲಿ ಮಲಗಿಸಬೇಡಿ. ಅಪ್ಪನಿಗೆ ಗಾಲಿಕುರ್ಚಿ ಬೇಕಿದ್ದರೆ ಮೊದಲೇ ತಿಳಿಸಿ. ಹತ್ತಿ ಇಳಿಯುವಾಗ ಅವರು ಕೊಡುತ್ತಾರೆ. ಇಡೀ ಪ್ರಯಾಣಕ್ಕೆ ಬೇಕಾದರೆ ನಿಮ್ಮದೇ ಒಯ್ಯಬೇಕು.

ಪ್ರಶ್ನೆ: ಜಾಹೀರಾತಿನಲ್ಲಿ ತಲೆಗೆ ಇಷ್ಟು ಅಂತ ಇತ್ತು. ಏಜೆಂಟ್ ಕೊಟ್ಟ ಕೊಟೇಶನ್ ಹೆಚ್ಚುಕಡಿಮೆ ಎರಡರಷ್ಟಿದೆ. ಮೋಸವಾ? (ಹುಬ್ಬಳ್ಳಿಯ ಓದುಗರು)

ಮೋಸ ಅನ್ನಲಾರೆ. ಜಾಹೀರಾತಿನ ದರ ಸಾಮಾನ್ಯವಾಗಿ ಕಿಟಕಿಯಿಲ್ಲದ ಕ್ಯಾಬಿನ್‌ನದು, ಅದೂ ಇಬ್ಬರು ಹಂಚಿಕೊಂಡಾಗ. ಅದರ ಮೇಲೆ ಬಂದರು ಶುಲ್ಕ, ತೆರಿಗೆ. ವಿದೇಶದ ಪ್ಯಾಕೇಜ್ ಆದರೆ ಟಿಸಿಎಸ್ (ಮಾರುವವರು ನಿಮ್ಮಿಂದ ಮೊದಲೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಹಿಡಿಯುತ್ತಾರೆ. ಅದು ಪೂರ್ತಿ ಹೋದ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ರಸೀದಿ ಇಟ್ಟುಕೊಳ್ಳಿ.

ಜನ ಮರೆಯುವುದು ಟಿಪ್ಸ್. ಇದು ನಾವು ಹೋಟೆಲ್‌ನಲ್ಲಿ ಮನಸ್ಸಿಗೆ ಬಂದಷ್ಟು ಇಡುವ ಟಿಪ್ಸ್ ಅಲ್ಲ. ಗ್ರ್ಯಾಚುಯಿಟಿ ಅಂತ ಪ್ರತಿ ವ್ಯಕ್ತಿಗೆ, ಪ್ರತಿ ರಾತ್ರಿಗೆ ಹಾಕುತ್ತಾರೆ. ಎಷ್ಟೋ ಕಂಪನಿಗಳಲ್ಲಿ ಮಕ್ಕಳಿಗೂ ಅಷ್ಟೇ. ಡಾಲರ್ ಲೆಕ್ಕದ ಹಡಗಿನಲ್ಲಿ ತಲೆಗೆ 18 ಡಾಲರ್ ಅಂದುಕೊಳ್ಳಿ. ನಾಲ್ಕು ಜನ, ನಾಲ್ಕು ರಾತ್ರಿ, ಅಂದರೆ 288 ಡಾಲರ್. ಇದು ಟಿಕೆಟ್‌ನಲ್ಲಿ ಸೇರಿದೆಯಾ ಇಲ್ಲವಾ ಅಂತ ಬರವಣಿಗೆಯಲ್ಲಿ ಕೇಳಿ.

ಬಫೆ ಮತ್ತು ಮುಖ್ಯ ಊಟದ ಹಾಲ್‌ಗೆ ದುಡ್ಡಿಲ್ಲ. ಮದ್ಯ, ತಂಪು ಪಾನೀಯ, ಬ್ರ್ಯಾಂಡೆಡ್ ಕಾಫಿ, ವಿಶೇಷ ರೆಸ್ಟೋರೆಂಟ್, ವೈಫೈ, ಬಂದರಿನ ಟೂರ್ ಇವಕ್ಕೆಲ್ಲ ಬೇರೆ. ಹಡಗಿನಲ್ಲಿ ನೋಟು ನಡೆಯುವುದಿಲ್ಲ. ಕ್ಯಾಬಿನ್ ಕೀ ಕಾರ್ಡೇ ಪರ್ಸ್. ಮಕ್ಕಳ ಕಾರ್ಡಿಗೂ ಖಾತೆ ಜೋಡಿಸಿರುತ್ತಾರೆ. ಮೊದಲ ದಿನವೇ ಕೌಂಟರಿಗೆ ಹೋಗಿ ಮಕ್ಕಳ ಕಾರ್ಡಿನ ಖರೀದಿ ಬಂದ್ ಮಾಡಿಸಿ. ಇಲ್ಲದಿದ್ದರೆ ವಿಡಿಯೋ ಗೇಮ್ ಕೋಣೆಯ ಬಿಲ್ ನೋಡಿ ಕಣ್ಣು ಕತ್ತಲೆ ಬರುತ್ತದೆ.

ಮೊಬೈಲ್‌ದೂ ಹಾಗೇ. ಹಡಗು ಹೊರಟ ತಕ್ಷಣ ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗಿಗೆ ತನ್ನದೇ ಉಪಗ್ರಹ ನೆಟ್‌ವರ್ಕ್ ಇರುತ್ತದೆ. ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸುವುದಿಲ್ಲ. ಸುಮ್ನೆ ಜೇಬಿನಲ್ಲಿದ್ದ ಫೋನೇ ಸಾವಿರಗಟ್ಟಲೆ ನುಂಗುತ್ತದೆ.

ಪ್ರಶ್ನೆ: ವೀಸಾ ಎಲ್ಲ ಹಡಗಿನವರೇ ನೋಡಿಕೊಳ್ಳುತ್ತಾರಂತೆ, ಹೌದಾ? (ಶಿವಮೊಗ್ಗದ ಓದುಗರು)

ಇಲ್ಲ. ಕಾಗದ ಸರಿಯಿಲ್ಲದಿದ್ದರೆ ಟರ್ಮಿನಲ್‌ನಿಂದಲೇ ವಾಪಸ್ ಕಳಿಸುತ್ತಾರೆ, ದುಡ್ಡೂ ಬರುವುದಿಲ್ಲ. ಸಿಂಗಪುರಕ್ಕೆ ನಮಗೆ ವೀಸಾ ಬೇಕು. ನೀವು ವಿಮಾನದಲ್ಲಿ ಒಮ್ಮೆ ಒಳಗೆ ಬರುತ್ತೀರಿ, ಹಡಗಿನಲ್ಲಿ ಹೊರಗೆ ಹೋಗುತ್ತೀರಿ, ಮತ್ತೆ ಒಳಗೆ ಬರುತ್ತೀರಿ. ಅಂದರೆ ಎರಡು ಪ್ರವೇಶ. ವೀಸಾ ಕೈಗೆ ಬಂದ ಕೂಡಲೇ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಇದೆಯೇ ನೋಡಿ. ಅಲ್ಲಿನ ಅರೈವಲ್ ಕಾರ್ಡನ್ನೂ ಎರಡು ಸಲ ತುಂಬಬೇಕು. ಅದು ಉಚಿತ, ಸರ್ಕಾರಿ ವೆಬ್‌ಸೈಟ್‌ನಲ್ಲೇ ತುಂಬಿ. ಮಲೇಷ್ಯಾ, ಥಾಯ್ಲೆಂಡ್ ಈಚಿನ ವರ್ಷಗಳಲ್ಲಿ ಭಾರತೀಯರನ್ನು ವೀಸಾ ಇಲ್ಲದೆ ಬಿಟ್ಟಿವೆ. ಆದರೆ ಇಂಥ ನಿಯಮ ಬದಲಾಗುತ್ತಲೇ ಇರುತ್ತವೆ. ಬುಕ್ ಮಾಡುವಾಗ ಒಮ್ಮೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ.

ನಮ್ಮವರಿಗೆ ಇನ್ನೊಂದು ತಾಪತ್ರಯ ಇನಿಶಿಯಲ್. ಆಧಾರ್‌ನಲ್ಲಿ ಒಂದು ಅಕ್ಷರ, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ. ವಿಮಾನ, ಹಡಗು, ವೀಸಾ ಮೂರರಲ್ಲೂ ಪಾಸ್‌ಪೋರ್ಟ್‌ನಲ್ಲಿರುವ ಹಾಗೆಯೇ ಹೆಸರು ಹಾಕಿಸಿ. ಮುಂಬೈನಿಂದ ದೇಶದೊಳಗೆ ಹೋಗುವವರು ಮಕ್ಕಳದ್ದೂ ಗುರುತಿನ ದಾಖಲೆ ಒಯ್ಯಬೇಕು.

ಪ್ರಶ್ನೆ: ಮಂಗಳೂರಿನಿಂದಲೇ ಹತ್ತೋಕಾಗಲ್ವಾ? ಪಣಂಬೂರಿಗೆ ದೊಡ್ಡ ಹಡಗು ಬರುತ್ತದಲ್ಲ! (ಪುತ್ತೂರಿನ ಓದುಗರು)

ಬರುತ್ತದೆ, ಆದರೆ ಬೇರೆ ದೇಶದಿಂದ ಹೊರಟು ಸುತ್ತು ಹಾಕುತ್ತಾ ಬರುವ ಹಡಗು ಅದು. ಪ್ರವಾಸಿಗರು ಬೆಳಿಗ್ಗೆ ಇಳಿದು ಕದ್ರಿ, ಮೂಡಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆ ಹೊರಡುತ್ತಾರೆ. ನಮ್ಮಂಥವರು ಹತ್ತುವುದು ಮುಂಬೈಯಲ್ಲಿ, ಕೆಲವು ಸೀಸನ್‌ನಲ್ಲಿ ಕೊಚ್ಚಿ, ಚೆನ್ನೈಯಲ್ಲಿ.

ಪ್ರಶ್ನೆ: ನನಗೆ ಚಾರ್ಮಾಡಿ ಘಾಟಿಯಲ್ಲೇ ವಾಂತಿ. ಹಡಗು ಹತ್ತಬಹುದಾ? (ಚಿಕ್ಕಮಗಳೂರಿನ ಓದುಗರು)

ಹತ್ತಬಹುದು. ಘಾಟಿ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿಗೂ ನಡುವಿನ ಸೀಟಿಗೂ ಇರುವ ವ್ಯತ್ಯಾಸವೇ ಇಲ್ಲೂ. ನಡುಭಾಗದ, ಕೆಳಗಿನ ಅಂತಸ್ತಿನ ಕ್ಯಾಬಿನ್ ಕಡಿಮೆ ತೂಗುತ್ತದೆ. ತುದಿಯ, ಮೇಲಿನ ಬಾಲ್ಕನಿ ಕ್ಯಾಬಿನ್‌ಗೆ ದುಡ್ಡೂ ಜಾಸ್ತಿ, ತೂಗಾಟವೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದ ಸಹವಾಸ ಬೇಡ. ನವೆಂಬರ್ ಆಸುಪಾಸಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಟ. ಮಾತ್ರೆಯನ್ನು ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅಷ್ಟು ಕೆಲಸ ಮಾಡುವುದಿಲ್ಲ, ಮುಂಚೆಯೇ ತೆಗೆದುಕೊಳ್ಳಬೇಕು. ಯಾವ ಮಾತ್ರೆ ಅನ್ನುವುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಬಿಪಿ, ಪ್ರಾಸ್ಟೇಟ್, ಗ್ಲಾಕೋಮಾ ಇರುವ ಹಿರಿಯರಂತೂ ಕೇಳದೆ ತೆಗೆದುಕೊಳ್ಳಲೇಬಾರದು. ಹೊಟ್ಟೆ ಖಾಲಿ ಬಿಡಬೇಡಿ. ಶುಂಠಿ ಜೊತೆಗಿರಲಿ. ತಲೆ ಸುತ್ತಿದರೆ ಕ್ಯಾಬಿನ್‌ನಲ್ಲಿ ಮಲಗಿ ಫೋನ್ ನೋಡುವ ಬದಲು ಡೆಕ್‌ಗೆ ಹೋಗಿ ದೂರದ ನೀರಂಚು ನೋಡುತ್ತಾ ಕೂರಿ.

ಪ್ರಶ್ನೆ: ನಮ್ಮ ಅತ್ತೆಯವರು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಪುಟ್ಟ ರೈಸ್ ಕುಕ್ಕರ್ ಒಯ್ಯಬಹುದೇ? (ಉಡುಪಿಯ ಓದುಗರು)

ಕುಕ್ಕರ್ ಬಿಡುವುದಿಲ್ಲ. ಕೆಟಲ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿ ಪೆಟ್ಟಿಗೆ ಯಾವುದನ್ನೂ ಬಿಡುವುದಿಲ್ಲ. ಹಡಗಿನಲ್ಲಿ ಬೆಂಕಿಗೆ ಅಷ್ಟು ಹೆದರುತ್ತಾರೆ. ಸ್ಕ್ಯಾನರ್‌ನಲ್ಲಿ ಕಂಡರೆ ತೆಗೆದಿಟ್ಟುಕೊಂಡು ಇಳಿಯುವ ದಿನ ಕೊಡುತ್ತಾರೆ. ಅಂಗಡಿಯ ಸೀಲ್ ಇರುವ ಚಟ್ನಿಪುಡಿ, ಚಕ್ಕುಲಿ, ಖಾಖ್ರಾ ಸಾಮಾನ್ಯವಾಗಿ ಬಿಡುತ್ತಾರೆ. ಡಬ್ಬಿಯಲ್ಲಿ ಹಾಕಿದ ಮನೆ ತಿಂಡಿ ಅನುಮಾನ.

ಬುಕ್ ಮಾಡುವಾಗಲೇ "ಜೈನ್ ಊಟ" ಅಂತ ಬರೆಸಿ. ಈರುಳ್ಳಿ ಬೆಳ್ಳುಳ್ಳಿ ಇಲ್ಲ ಅನ್ನುವುದು ಅಡುಗೆಮನೆಗೆ ಅರ್ಥವಾಗುವುದು ಆ ಹೆಸರಿನಿಂದಲೇ. ಹತ್ತಿದ ಸಂಜೆ ಊಟದ ಹಾಲ್‌ನ ಹೆಡ್ ವೇಟರನ್ನು ಕಂಡು ಮತ್ತೊಮ್ಮೆ ಹೇಳಿ. ಅವರು ಮರುದಿನದ ಊಟವನ್ನು ಹಿಂದಿನ ರಾತ್ರಿಯೇ ಕೇಳಿ ಬರೆದುಕೊಳ್ಳುತ್ತಾರೆ. ಬಫೆಗಿಂತ ಇದು ವಾಸಿ. ಬಫೆಯಲ್ಲಿ ಪಕ್ಕದ ಪಾತ್ರೆಯ ಸೌಟನ್ನೇ ತಂದು ಅನ್ನಕ್ಕೆ ಹಾಕುವವರು ಇದ್ದೇ ಇರುತ್ತಾರೆ. ಹಣ್ಣು, ಹಾಲು, ಮೊಸರಿಗೆ ಬರವಿಲ್ಲ, ಏಕಾದಶಿ ಬಂದರೂ ನಡೆಯುತ್ತದೆ.

ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ. ವಿದೇಶಿ ಹಡಗಿನ ಅಡುಗೆಮನೆಯಲ್ಲಿ ಎಲ್ಲ ಬಗೆಯ ಮಾಂಸವೂ ಬೇಯುತ್ತದೆ. ಅತ್ತೆಯವರದ್ದು ರುಚಿಯ ವಿಷಯವಾಗಿರದೆ ಮಡಿಯ ವಿಷಯವಾಗಿದ್ದರೆ, ಇದನ್ನು ಮನೆಯಲ್ಲೇ ಹೇಳಿ ಒಪ್ಪಿಸಿ. ನಡುನೀರಿನಲ್ಲಿ ಗೊತ್ತಾದರೆ ಅವರು ಬಾಳೆಹಣ್ಣಿನಲ್ಲೇ ದಿನ ತಳ್ಳುತ್ತಾರೆ, ನಿಮಗೂ ಊಟ ಗಂಟಲಲ್ಲಿ ಇಳಿಯುವುದಿಲ್ಲ.

ಪ್ರಶ್ನೆ: ಹತ್ತುವ ದಿನ, ಇಳಿಯುವ ದಿನ ಏನೇನು ಜ್ಞಾಪಕದಲ್ಲಿ ಇಟ್ಟುಕೊಳ್ಳಬೇಕು? ಬಂದರಿನಲ್ಲಿ ತಡವಾದರೆ ಕಾಯುತ್ತಾರಾ? (ಬೆಂಗಳೂರಿನ ಓದುಗರು)

ಹಡಗು ಹೊರಡುವ ದಿನವೇ ವಿಮಾನ ಇಟ್ಟುಕೊಳ್ಳಬೇಡಿ. ಹಿಂದಿನ ದಿನ ಸೇರಿಕೊಳ್ಳಿ. ಟರ್ಮಿನಲ್‌ನಲ್ಲಿ ದೊಡ್ಡ ಸೂಟ್‌ಕೇಸ್ ತೆಗೆದುಕೊಂಡು ಹೋಗುತ್ತಾರೆ, ಅದು ಕ್ಯಾಬಿನ್‌ಗೆ ಬರಲು ಸಂಜೆಯಾಗಬಹುದು. ಅಷ್ಟರಲ್ಲಿ ಮಕ್ಕಳು ಈಜುಕೊಳ ನೋಡಿ ಕುಣಿಯುತ್ತಿರುತ್ತಾರೆ. ಈಜುಡುಗೆ, ಔಷಧಿ, ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ. ಡೈಪರ್ ಹಾಕುವ ಮಗುವಾದರೆ ದೊಡ್ಡ ಕೊಳಕ್ಕೆ ಬಿಡುವುದಿಲ್ಲ ಅನ್ನುವುದೂ ಗೊತ್ತಿರಲಿ.

ಹೊರಡುವ ಮುಂಚೆ ಸುರಕ್ಷತಾ ಕವಾಯತು ಇರುತ್ತದೆ. ತಪ್ಪಿಸಿಕೊಳ್ಳಬೇಡಿ. 2012ರ ಜನವರಿಯಲ್ಲಿ ಇಟಲಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದಾಗ, ಅದೇ ದಿನ ಹತ್ತಿದ್ದ ಎಷ್ಟೋ ಜನರಿಗೆ ಕವಾಯತು ಆಗಿರಲೇ ಇಲ್ಲ. 32 ಜನ ಸತ್ತರು. ಆಮೇಲೆ ನಿಯಮ ಬಿಗಿಯಾಯಿತು. ಏಳು ಚಿಕ್ಕ ಸೈರನ್, ಒಂದು ಉದ್ದ ಸೈರನ್ ಕೇಳಿದರೆ ನಿಮ್ಮ ಗುಂಪಿನ ಜಾಗಕ್ಕೆ ಹೋಗಬೇಕು. ಆ ಜಾಗವನ್ನು ಅಪ್ಪ ಅಮ್ಮನಿಗೆ ಒಮ್ಮೆ ನಡೆಸಿಕೊಂಡು ಹೋಗಿ ತೋರಿಸಿ.

ಕೊನೆಯ ರಾತ್ರಿ ಸೂಟ್‌ಕೇಸ್ ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಬೆಳಿಗ್ಗೆ ಹಾಕುವ ಬಟ್ಟೆ, ಚಪ್ಪಲಿ ತೆಗೆದಿಟ್ಟುಕೊಳ್ಳಿ. ನಗಬೇಡಿ, ನೈಟಿ ಮೇಲೆ ಶಾಲು ಹೊದ್ದು ಇಳಿದವರೂ ಇದ್ದಾರೆ.

ಬಂದರಿನಲ್ಲಿ ತಡವಾದರೆ ಹಡಗು ಕಾಯುವುದಿಲ್ಲ. ಹಡಗಿನವರದ್ದೇ ಟೂರ್‌ನಲ್ಲಿ ಹೋಗಿದ್ದರೆ ಮಾತ್ರ ಕಾಯುತ್ತಾರೆ. ಹೊರಗಿನ ಟ್ಯಾಕ್ಸಿ ಅಗ್ಗ, ಆದರೆ ಗಡಿಯಾರದ ಹೊಣೆ ನಿಮ್ಮದು. ಫುಕೆಟ್‌ಗೆ ಹೋಗುವವರು ಇದನ್ನು ಗಮನಿಸಿ: ಥಾಯ್ಲೆಂಡ್ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ದಡ ಸೇರಿದ ಕೂಡಲೇ ಫೋನ್ ತಾನಾಗಿಯೇ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹಡಗು ಸಿಂಗಪುರದ ಗಡಿಯಾರದಲ್ಲೇ ನಡೆಯುತ್ತಿದ್ದರೆ, ನೀವು ಇನ್ನೂ ಒಂದು ಗಂಟೆ ಇದೆ ಅಂದುಕೊಂಡು ಎಳನೀರು ಕುಡಿಯುವಾಗ ಅದು ಹೊರಟಿರುತ್ತದೆ. ಒಬ್ಬರಾದರೂ ಕೈಗೆ ಮಾಮೂಲಿ ವಾಚ್ ಕಟ್ಟಿ, ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ. ದಿನಾ ಕ್ಯಾಬಿನ್‌ಗೆ ಬರುವ ಕಾರ್ಯಕ್ರಮದ ಹಾಳೆಯಲ್ಲಿ ಬಂದರಿನ ಏಜೆಂಟ್ ಫೋನ್ ನಂಬರ್ ಇರುತ್ತದೆ. ಅದರ ಫೋಟೋ, ಎಲ್ಲರ ಪಾಸ್‌ಪೋರ್ಟ್ ಫೋಟೋ ತೆಗೆದುಕೊಂಡೇ ಇಳಿಯಿರಿ.