ಪಿಟೀಲು ನಿಮ್ಮದೇ ಅಂತ ತೋರಿಸುವುದು ಹೇಗೆ?

ಪ್ರಶ್ನೆ: ನನ್ನ ಪಿಟೀಲು ಹಳೆಯದು, ಅದರ ಮೇಲೆ ನಂಬರ್ ಏನೂ ಇಲ್ಲ. ಜೊತೆಗೆ ಕಲಿಯುವವರೊಬ್ಬರ ವಾದ್ಯ ಈಚೆಗೆ ಕಳುವಾಯಿತು. ನನ್ನದರ ಹಿಂಬದಿಯಲ್ಲಿ ಹೆಸರು ಕೊರೆಸಲೇ? ಅಥವಾ ಯುವಿ ಪೆನ್ನಿನಲ್ಲಿ (ಇದರ ಬರಹ ನೇರಳಾತೀತ ಬೆಳಕಿನಲ್ಲಷ್ಟೇ ಕಾಣುತ್ತದೆ) ಬರೆದರೆ ಸಾಕೇ?

ಉತ್ತರ: ದಯವಿಟ್ಟು ಕೊರೆಸಬೇಡಿ. ಪಿಟೀಲು ರಿಪೇರಿ ಮಾಡುವ ನನಗೆ ಹಾಗೆ ಕೊರೆದ ವಾದ್ಯ ನೋಡಿದರೆ ಹೊಟ್ಟೆ ಉರಿಯುತ್ತದೆ. ವಾರ್ನಿಷ್ ಹಾಳು, ಬೆಲೆಯೂ ಬಿತ್ತು. ಕಳ್ಳ ಅದನ್ನು ಉಜ್ಜಿ ಬಣ್ಣ ಹಚ್ಚಿದರೆ ಗುರುತೂ ಹೋಯಿತು.

ಹೊರಗಿನ ನೋಟ ಬದಲಿಸುವುದು ಸುಲಭ. 1936ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹೆಸರಾಂತ ಪಿಟೀಲು ವಾದಕ ಬ್ರೋನಿಸ್ಲಾವ್ ಹ್ಯೂಬರ್‌ಮನ್ ಅವರ ಸ್ಟ್ರಾಡಿವೇರಿಯಸ್ ಪಿಟೀಲು (ಇಟಲಿಯ ಸ್ಟ್ರಾಡಿವರಿ ಮಾಡಿದ, ತುಂಬಾ ಬೆಲೆಬಾಳುವ ವಾದ್ಯ) ಕಳುವಾಯಿತು. ಅದನ್ನು ಇಟ್ಟುಕೊಂಡಿದ್ದ ಪಿಟೀಲುಗಾರ ಜೂಲಿಯನ್ ಆಲ್ಟ್‌ಮನ್ ಮೇಲೆಲ್ಲ ಬೂಟ್ ಪಾಲಿಶ್ ಬಳಿದು, ಎಲ್ಲರ ಎದುರೇ ವರ್ಷಗಟ್ಟಲೆ ನುಡಿಸಿದ. ವಿಷಯ ಹೊರಬಿದ್ದದ್ದು 1985ರಲ್ಲಿ, ಅವನ ಸಾವಿನ ಹೊತ್ತಿಗೆ. ಹ್ಯೂಬರ್‌ಮನ್ ಅದನ್ನು ಮತ್ತೆ ನೋಡಲೇ ಇಲ್ಲ.

ಯುವಿ ಪೆನ್ ಬಳಸಬಹುದು, ಆದರೆ ವಾರ್ನಿಷ್ ಮೇಲೆ ಬೇಡ. ಶಾಯಿಯಲ್ಲಿರುವ ದ್ರಾವಕ ವಾರ್ನಿಷನ್ನು ಕೆಡಿಸಬಹುದು. ಬಿಸಿಲಿಗೆ, ಕೈ ಉಜ್ಜುವುದಕ್ಕೆ ಆ ಬರಹ ಮಾಸುತ್ತದೆ ಕೂಡ. ಪಿಟೀಲಿನ ಒಳಮೈಗೆ ಸಾಮಾನ್ಯವಾಗಿ ವಾರ್ನಿಷ್ ಇರುವುದಿಲ್ಲ, ಬರಿ ಮರ. ಗುರುತಿಗೆ ಅದೇ ಸರಿಯಾದ ಜಾಗ. ಹಾಗಂತ ನೀವೇ ತಂತಿ ಸಡಿಲಿಸಿ ಕೈ ಹಾಕಬೇಡಿ, ಒಳಗೆ ನಿಲ್ಲಿಸಿರುವ ಪುಟ್ಟ ಮರದ ಕಡ್ಡಿ (ಸೌಂಡ್ ಪೋಸ್ಟ್) ಬಿದ್ದೀತು. ಮುಂದಿನ ಸಲ ರಿಪೇರಿಗೆ ಕೊಟ್ಟಾಗ ಹೇಳಿ, ಅವರು ಬರೆದು ಕೊಡುತ್ತಾರೆ. ಫೋನ್ ನಂಬರ್ ಬದಲಾಗುತ್ತದೆ ಅಲ್ವಾ? ಅದಕ್ಕೆ ಹೆಸರಿನ ಮೊದಲಕ್ಷರಗಳು, ಜೊತೆಗೆ ನಿಮಗಷ್ಟೇ ಗೊತ್ತಿರುವ ಒಂದು ಸಂಖ್ಯೆ ಬರೆಸಿ. ಎಲ್ಲಿ, ಏನು ಬರೆಸಿದ್ದೀರಿ ಅಂತ ಮನೆಯಲ್ಲಿ ದಾಖಲೆ ಇಡಿ.

ಆದರೆ ಎಲ್ಲಕ್ಕಿಂತ ಗಟ್ಟಿ ಗುರುತು ನಿಮ್ಮ ಪಿಟೀಲಿನಲ್ಲಿ ಈಗಾಗಲೇ ಇದೆ. ಅದು ಮರದ ಎಳೆ. ಎರಡು ಹಲಗೆಗಳ ಎಳೆ ಒಂದೇ ಥರ ಇರುವುದಿಲ್ಲ, ಹೆಬ್ಬೆರಳ ಗುರುತಿನ ಹಾಗೆ. ಅದನ್ನು ಯಾರೂ ಅಳಿಸಿ ಬೇರೆ ಬರೆಯಲಾರರು. ಇವತ್ತೇ ಫೋಟೋ ತೆಗೆಯಿರಿ. ಮುಂಭಾಗ, ಹಿಂಭಾಗ, ಎರಡೂ ಪಕ್ಕ, ಸುರುಳಿಯಾದ ತಲೆ. ಕಿಟಕಿಯ ಬೆಳಕು ಓರೆಯಾಗಿ ಬೀಳುವ ಕಡೆ ಇಟ್ಟು ತೆಗೆದರೆ ಎಳೆ ಚೆನ್ನಾಗಿ ಕಾಣುತ್ತದೆ. ಪ್ರತಿ ಗೀರು, ಸೀಳು, ಹಳೆಯ ರಿಪೇರಿ ಇವುಗಳನ್ನು ಪಕ್ಕದಲ್ಲಿ ಸ್ಕೇಲ್ ಇಟ್ಟು ಹತ್ತಿರದಿಂದ ತೆಗೆಯಿರಿ. ಒಳಗೆ ಅಂಟಿಸಿರುವ, ತಯಾರಕರ ಹೆಸರಿನ ಚೀಟಿಯ ಫೋಟೋವನ್ನೂ ತೆಗೆಯಿರಿ, ಆದರೆ ಅದೊಂದನ್ನೇ ನಂಬಬೇಡಿ. ಸ್ಟ್ರಾಡಿವೇರಿಯಸ್ ಅಂತ ಚೀಟಿ ಅಂಟಿಸಿದ ಕಾರ್ಖಾನೆ ಪಿಟೀಲುಗಳು ಎಷ್ಟೋ ಇವೆ. ಕಮಾನನ್ನು ಮರೆಯಬೇಡಿ. ಕಳ್ಳರು ಅದನ್ನು ಬೇರೆಯಾಗಿಯೇ ಮಾರಿಬಿಡಬಹುದು. ಕೋಲಿನ ಮೇಲೆ ತಯಾರಕರ ಮುದ್ರೆ ಇದ್ದರೆ ಅದರದ್ದೂ ಒಂದು ಫೋಟೋ ಇರಲಿ.

ಫೋಟೋಗಳು ಫೋನಿನಲ್ಲಿ ಮಾತ್ರ ಇದ್ದರೆ ಸಾಲದು. ಫೋನೂ ವಾದ್ಯದ ಜೊತೆಗೇ ಹೋಗಬಹುದು. ನಿಮ್ಮದೇ ಇಮೇಲಿಗೆ ಕಳಿಸಿಡಿ.

ಕಳುವಾದರೆ ಪೊಲೀಸ್ ದೂರಿನ ಜೊತೆ ಈ ಫೋಟೋಗಳನ್ನು ಕೊಡಿ. ಅದೇ ದಿನ ರಿಪೇರಿಯವರಿಗೆ, ಹಳೆ ವಾದ್ಯ ಮಾರುವವರಿಗೆ ಕಳಿಸಿ. ಕದ್ದ ವಾದ್ಯ ಒಂದಲ್ಲ ಒಂದು ದಿನ ತಂತಿಗೋ ಬೆಲೆ ಕಟ್ಟಿಸಲಿಕ್ಕೋ ನಮ್ಮಂಥವರ ಮೇಜಿಗೆ ಬರಬಹುದು. ಪಿಟೀಲು ವಾದಕ ರೋಮನ್ ಟೋಟೆನ್‌ಬರ್ಗ್ ಅವರ ಪಿಟೀಲು 1980ರಲ್ಲಿ ಕಳುವಾಗಿ, 2015ರಲ್ಲಿ ಸಿಕ್ಕಿದ್ದು ಹೀಗೆಯೇ. ಬೆಲೆ ಕಟ್ಟಲು ತಂದಾಗ ಪರಿಣತರೊಬ್ಬರು ಗುರುತು ಹಿಡಿದರು. ಅಷ್ಟರಲ್ಲಿ ಟೋಟೆನ್‌ಬರ್ಗ್ ತೀರಿಕೊಂಡಿದ್ದರು, ವಾದ್ಯ ಅವರ ಹೆಣ್ಣುಮಕ್ಕಳ ಕೈ ಸೇರಿತು.

ಪ್ರಶ್ನೆ: ಕೇಸಿನಲ್ಲಿ ಬ್ಲೂಟೂತ್ ಟ್ರ್ಯಾಕರ್ ಇಟ್ಟಿದ್ದೇನೆ. ಇನ್ನೂ ಗುರುತು ಬೇಕೇ?

ಉತ್ತರ: ಬೇಕು. ಕಳ್ಳರು ಕೇಸನ್ನು ಬಿಸಾಡಿ ಹೋಗಬಹುದು. ಆಮೇಲೆ ಟ್ರ್ಯಾಕರ್ ಖಾಲಿ ಕೇಸನ್ನು ತೋರಿಸುತ್ತದೆ ಅಷ್ಟೆ. ಅದನ್ನು ಪಿಟೀಲಿನ ಒಳಗೆ ಅಂಟಿಸಲೂ ಬೇಡಿ, ನಾದ ಕೆಡುತ್ತದೆ. ಕೇಸಿನ ಒಳಪದರದಡಿ ಇರಲಿ, ಬ್ಯಾಟರಿ ಆಗಾಗ ನೋಡುತ್ತಿರಿ. ಫೋನಿನಲ್ಲಿ ಜಾಗ ಕಂಡರೂ ಒಬ್ಬರೇ ಹೋಗಬೇಡಿ. ಫೋಟೋ, ರಸೀದಿ ಹಿಡಿದುಕೊಂಡು ಪೊಲೀಸರ ಜೊತೆಯಲ್ಲೇ ಹೋಗಿ.